ಎಂ ಸೈಜ್ ಅಂದರೆ ಎಷ್ಟು? ಆನ್‌ಲೈನ್ ಬಟ್ಟೆಯ ಅಳತೆ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ

ಬಟ್ಟೆ ಕಾರ್ಖಾನೆಯಲ್ಲಿ ಮೊದಲು ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಮಾದರಿ ಆಕಾರ) ಕತ್ತರಿಸುವ ಕೆಲಸ, ಆಮೇಲೆ ಹೊಲಿದು ಬಂದ ಬಟ್ಟೆಯ ಅಳತೆ ನೋಡುವ ಕೆಲಸ ಮಾಡಿದವಳು ನಾನು. ಈಗ ಆನ್‌ಲೈನ್‌ನಲ್ಲಿ ಮಾರುವವರಿಗೆ ಸೈಜ್ ಚಾರ್ಟ್ ಮಾಡಿಕೊಡುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಫೋಟೋದಲ್ಲಿ ಚೆಂದ ಕಂಡಿತು, ತರಿಸಿದೆ, ಮೈಗೆ ಕೂರಲಿಲ್ಲ, ವಾಪಸ್ ಕಳಿಸಿದೆ. ಕೆಲವರಂತೂ ಬೇಜಾರಾಗಿ ಆನ್‌ಲೈನ್‌ನಲ್ಲಿ ಬಟ್ಟೆ ಕೊಳ್ಳುವುದನ್ನೇ ಬಿಟ್ಟಿದ್ದೀರಿ. ಬಿಡಬೇಕಾಗಿಲ್ಲ. ಒಂದು ಟೇಪು, ಹತ್ತು ನಿಮಿಷ ಇದ್ದರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಯಾವಾಗಲೂ ಎಂ ಸೈಜ್ ಹಾಕುವವಳು. ಮೂರು ಕಡೆಯಿಂದ ಮೂರು ಶರ್ಟ್ ತರಿಸಿದೆ. ಒಂದು ಸರಿಯಾಗಿ ಕೂತಿತು. ಒಂದರ ಗುಂಡಿ ಹಾಕುವುದಕ್ಕೇ ಆಗಲಿಲ್ಲ. ಇನ್ನೊಂದು ಗೋಣಿಚೀಲದ ಹಾಗೆ ಜೋತಾಡಿತು. ಮೂರರ ಮೇಲೂ ಎಂ ಅಂತಲೇ ಬರೆದಿದೆ. ತಪ್ಪು ನನ್ನ ಮೈಯದಾ, ಅವರದಾ?

ಉತ್ತರ: ನಿಮ್ಮ ಮೈಯದಂತೂ ಅಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಜನ ಗುಂಡಿ ಹತ್ತದ ಶರ್ಟ್ ಹಿಡಿದುಕೊಂಡು ಕನ್ನಡಿ ಮುಂದೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎಂ ಅನ್ನುವುದು ಅಳತೆ ಅಲ್ಲ, ಹೆಸರು. ಪ್ರತಿ ಕಂಪನಿಯೂ ತನ್ನ ಗ್ರಾಹಕರು ಹೀಗಿರುತ್ತಾರೆ ಅಂತ ಒಂದು ಮೈಕಟ್ಟು ಅಂದುಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ಮೊದಲು ಒಂದು ಸೈಜ್‌ನ ಪ್ಯಾಟರ್ನ್ ಮಾಡುತ್ತದೆ. ಆಮೇಲೆ ಅದನ್ನೇ ಸುತ್ತಳತೆಯಲ್ಲಿ ನಾಲ್ಕೈದು ಸೆಂ.ಮೀ.ನಂತೆ ಹಿಗ್ಗಿಸಿ, ಕುಗ್ಗಿಸಿ ಉಳಿದ ಸೈಜ್‌ಗಳನ್ನು ತೆಗೆಯುತ್ತದೆ. ಶುರು ಮಾಡಿದ ಮೈಕಟ್ಟೇ ಬೇರೆ ಬೇರೆ ಆದಮೇಲೆ ಎಂ ಕೂಡ ಬೇರೆ ಬೇರೆಯೇ ಆಗುತ್ತದೆ ಅಲ್ವಾ?

ಇದರ ಮೇಲೆ ಇನ್ನೊಂದಿದೆ. ಮೈಗೂ ಬಟ್ಟೆಗೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದು. ಟೈಲರ್ ಅಳತೆ ತೆಗೆಯುವಾಗ ‘ಲೂಸ್ ಎಷ್ಟು ಬಿಡಲಿ?’ ಅಂತ ಕೇಳುತ್ತಾರಲ್ಲ, ಅದೇ. ಮೈಗೆ ಹತ್ತುವ ಹಾಗೆ ಹೊಲಿಯುವ ಶರ್ಟ್‌ಗೆ ಎದೆಯ ಹತ್ತಿರ 5ರಿಂದ 8 ಸೆಂ.ಮೀ. ಬಿಟ್ಟರೆ, ಸಾಮಾನ್ಯ ಶರ್ಟ್‌ಗೆ 10–12 ಬಿಡುತ್ತಾರೆ. ಓವರ್‌ಸೈಜ್ ಅಂತ ಮಾರುವುದಕ್ಕೆ 20ರ ಮೇಲೂ ಹೋಗುತ್ತದೆ. ನಿಮ್ಮ ಎರಡನೇ ಶರ್ಟ್ ಮೊದಲ ಬಗೆಯದು, ಮೂರನೆಯದು ಕೊನೆಯ ಬಗೆಯದು ಇರಬೇಕು.

ಎಲ್ಲರಿಗೂ ಒಂದೇ ಅಳತೆ ತರುವ ಪ್ರಯತ್ನ ಆಗಲೇ ಇಲ್ಲವೇ ಅಂದರೆ, ಆಗಿತ್ತು. ಅಮೆರಿಕದಲ್ಲಿ 1939–40ರಲ್ಲಿ ಸರ್ಕಾರವೇ ಸುಮಾರು 15 ಸಾವಿರ ಹೆಂಗಸರ ಮೈ ಅಳತೆ ತೆಗೆಸಿತು. ಒಬ್ಬೊಬ್ಬರಿಗೂ 59 ಅಳತೆ. ಆ ಲೆಕ್ಕದ ಆಧಾರದ ಮೇಲೆ 1958ರಲ್ಲಿ ಒಂದು ಮಾನದಂಡ ಬಂತು. ಆದರೆ ಅದನ್ನು ಕಂಪನಿಗಳು ಪೂರ್ತಿ ಪಾಲಿಸಲಿಲ್ಲ, 1983ರಲ್ಲಿ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಕಂಪನಿಗಳು ಇನ್ನೊಂದು ದಾರಿ ಹಿಡಿದಿದ್ದವು: ಬಟ್ಟೆ ದೊಡ್ಡದು ಮಾಡಿ, ಸೈಜ್ ನಂಬರ್ ಮಾತ್ರ ಚಿಕ್ಕದು ಹಾಕುವುದು. ಚಿಕ್ಕ ನಂಬರ್ ಹಿಡಿಸಿದರೆ ಕೊಳ್ಳುವವರಿಗೆ ಖುಷಿಯಾಗುತ್ತದೆ ಅನ್ನುವ ಲೆಕ್ಕಾಚಾರ. 1958ರ ಮಾನದಂಡದಲ್ಲಿ 8ನೇ ನಂಬರಿನ ಸೊಂಟ ಇಪ್ಪತ್ತಮೂರೂವರೆ ಇಂಚು. ಅದೇ ದೇಶದಲ್ಲಿ 2008ರ ಹೊತ್ತಿಗೆ ಅದೇ 8ನೇ ನಂಬರ್ ಐದಾರು ಇಂಚು ದೊಡ್ಡದಾಗಿತ್ತು. ನಂಬರ್ ಅದೇ, ಬಟ್ಟೆ ಬೇರೆ.

ಒಂದೇ ಕಂಪನಿಯ ಒಂದೇ ಎಂ ಕೂಡ ತದ್ರೂಪ ಇರುವುದಿಲ್ಲ. ಅಳತೆ ಟೇಬಲ್ಲಿನ ಮುಂದೆ ನಿಂತಾಗ ಒಂದೇ ಲಾಟಿನಿಂದ ಹತ್ತು ಶರ್ಟ್ ಎಳೆದು ಹಾಸುತ್ತಿದ್ದೆ. ಹಾಸಿದಾಗ ಎದೆ 53 ಸೆಂ.ಮೀ. ಬರಬೇಕು. ಒಂದು 52.5 ಬರುತ್ತಿತ್ತು, ಇನ್ನೊಂದು 53.5. ಎರಡೂ ಪಾಸ್, ಯಾಕೆಂದರೆ ಅಷ್ಟು ವ್ಯತ್ಯಾಸಕ್ಕೆ ಅನುಮತಿ ಇರುತ್ತದೆ. ಆದರೆ ಸುತ್ತಳತೆ ಲೆಕ್ಕ ಹಾಕಿ ನೋಡಿ: ಒಂದು 105, ಇನ್ನೊಂದು 107. ಹತ್ತಾರು ಪದರ ಬಟ್ಟೆ ಒಂದರ ಮೇಲೊಂದು ಹಾಸಿ ಒಟ್ಟಿಗೆ ಕತ್ತರಿಸುವಾಗ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಹೊಲಿಯುವ ಕೈಯೂ ಸ್ವಲ್ಪ ಸೇರಿಸುತ್ತದೆ. ಹಾಗಾಗಿ ‘ಇದೇ ಶರ್ಟ್ ನೀಲಿಯಲ್ಲಿ ಸರಿಯಾಗಿತ್ತು, ಕಪ್ಪು ಬಿಗಿ’ ಅಂತ ಯಾರಾದರೂ ಬರೆದರೆ ನಂಬಿ.

ಪ್ರಶ್ನೆ: ಚಾರ್ಟ್ ನೋಡಿಯೇ ಕೊಂಡೆ, ಮೇಡಂ. ನನ್ನ ಎದೆ 96 ಸೆಂ.ಮೀ., ಚಾರ್ಟ್‌ನಲ್ಲೂ 96 ಇತ್ತು. ಬಂದ ಶರ್ಟ್‌ನಲ್ಲಿ ಕೈ ಎತ್ತುವುದಕ್ಕೂ ಆಗುತ್ತಿಲ್ಲ. ಚಾರ್ಟೇ ಸುಳ್ಳಾ?

ಉತ್ತರ: ಸುಳ್ಳಲ್ಲ. ನೀವು ನೋಡಿದ್ದು ಬಟ್ಟೆಯ ಅಳತೆ, ಹೋಲಿಸಿದ್ದು ಮೈಯ ಅಳತೆ. ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ಎಡವಟ್ಟು ಇದೇ. 96ರ ಮೈಗೆ 96ರ ಶರ್ಟ್ ಹಾಕಿದರೆ ಉಸಿರಾಡುವುದಕ್ಕೂ ಜಾಗ ಇರುವುದಿಲ್ಲ. ನಿಮಗೆ ಬೇಕಾಗಿದ್ದು 104ರಿಂದ 108ರ ಶರ್ಟ್.

ಯಾವ ಚಾರ್ಟ್ ಯಾವುದು ಅಂತ ಎಷ್ಟೋ ಸಲ ಬರೆದೇ ಇರುವುದಿಲ್ಲ. ಆದರೂ ಕಂಡುಹಿಡಿಯಬಹುದು. ಚಾರ್ಟ್‌ನಲ್ಲಿ ಬಟ್ಟೆಯ ಉದ್ದ, ಭುಜ, ತೋಳಿನ ಉದ್ದ ಇದ್ದರೆ ಅದು ಸಾಮಾನ್ಯವಾಗಿ ಬಟ್ಟೆಯದೇ ಅಳತೆ. ಬರೀ ಎದೆ, ಸೊಂಟ, ಹಿಪ್ ಮೂರೇ ಇದ್ದರೆ ಅದು ಹೆಚ್ಚಾಗಿ ಮೈಯ ಅಳತೆ, ಅಂದರೆ ನಿಮ್ಮ ಮೈ ಇಷ್ಟಿದ್ದರೆ ಈ ಸೈಜ್ ತೆಗೆದುಕೊಳ್ಳಿ ಅಂತ. ಎದೆ 50, 53, 56 ಅಂತ ಚಿಕ್ಕ ಚಿಕ್ಕ ನಂಬರ್ ಕಂಡರೆ ಬಟ್ಟೆ ಹಾಸಿ ಒಂದು ಬದಿ ಮಾತ್ರ ಅಳೆದಿದ್ದಾರೆ. ದುಪ್ಪಟ್ಟು ಮಾಡಿ ನೋಡಬೇಕು. ಇಂಚು, ಸೆಂ.ಮೀ. ಅದಲುಬದಲಾಗದ ಹಾಗೆಯೂ ನೋಡಿಕೊಳ್ಳಿ. ಒಂದು ಇಂಚು ಅಂದರೆ 2.54 ಸೆಂ.ಮೀ.

ಆದರೆ ನನ್ನನ್ನು ಕೇಳಿದರೆ, ಶರ್ಟ್ ಕೊಳ್ಳಲು ಮೈ ಅಳೆಯುವುದಕ್ಕಿಂತ ಶರ್ಟನ್ನೇ ಅಳೆಯುವುದು ಒಳ್ಳೆಯದು. ನಿಮ್ಮ ಬೀರುವಿನಲ್ಲಿ ಒಂದು ಶರ್ಟ್ ಇದ್ದೇ ಇರುತ್ತದೆ, ಎಲ್ಲಿಗೆ ಹೋಗುವುದಿದ್ದರೂ ಕೈ ಅದರ ಮೇಲೇ ಹೋಗುತ್ತದೆ. ಅದನ್ನು ಹೊರಗೆ ತೆಗೆಯಿರಿ. ಇಸ್ತ್ರಿ ಮಾಡಿ, ಗುಂಡಿ ಎಲ್ಲ ಹಾಕಿ, ಟೇಬಲ್ ಮೇಲೋ ನೆಲದ ಮೇಲೋ ಹಾಸಿ. ಹಾಸಿಗೆ ಮೇಲೆ ಬೇಡ, ಮೆತ್ತಗಿರುವ ಕಡೆ ಬಟ್ಟೆ ಕುಸಿದು ಅಳತೆ ತಪ್ಪುತ್ತದೆ. ಅಂಗೈಯಲ್ಲಿ ಸವರಿ ಸುಕ್ಕು ತೆಗೆಯಿರಿ, ಎಳೆಯಬೇಡಿ. ಕಂಕುಳ ಹೊಲಿಗೆಯಿಂದ ಎರಡೂವರೆ ಸೆಂ.ಮೀ. ಕೆಳಗೆ ಟೇಪು ಇಟ್ಟು ಈ ಅಂಚಿನಿಂದ ಆ ಅಂಚಿಗೆ ಅಳೆಯಿರಿ. ಅದರ ದುಪ್ಪಟ್ಟು ಎದೆ ಸುತ್ತಳತೆ. ಶರ್ಟ್ ಮಗುಚಿ ಬೆನ್ನ ಕಡೆಯಿಂದ, ತೋಳು ಸೇರುವ ಒಂದು ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದರೆ ಭುಜ. ಕಾಲರಿನ ಪಕ್ಕದಲ್ಲಿ ಭುಜ ಎಲ್ಲಿ ಎತ್ತರವೋ ಅಲ್ಲಿಂದ ಕೆಳಗಿನ ಮಡಿಕೆವರೆಗೆ ಉದ್ದ. ಭುಜದ ಹೊಲಿಗೆಯಿಂದ ಕಫ್ ತುದಿಗೆ ತೋಳು. ನಾಲ್ಕೇ ಅಳತೆ. ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಇದೇ ತರಹ ಒಂದು ಟೀಶರ್ಟ್, ಒಂದು ಪ್ಯಾಂಟ್, ಒಂದು ಜಾಕೆಟ್ ಅಳೆದಿಟ್ಟರೆ ಮುಂದೆ ಯಾವ ಅಂಗಡಿಯ ಚಾರ್ಟ್ ಬಂದರೂ ಹೆದರಬೇಕಾಗಿಲ್ಲ. ಎಂ, ಎಲ್ ಕಡೆ ನೋಡಲೂಬೇಡಿ, ನಿಮ್ಮ ನಂಬರ್ ಯಾವ ಸಾಲಿನಲ್ಲಿದೆಯೋ ಅದೇ ನಿಮ್ಮ ಸೈಜ್.

ಮೈ ಅಳತೆಯೇ ಬೇಕು ಅಂದಾಗ ತೆಳುವಾದ ಬಟ್ಟೆ ಮೇಲೆ, ಆರಾಮಾಗಿ ಉಸಿರಾಡುತ್ತಾ ತೆಗೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡರೆ ನಷ್ಟ ನಿಮಗೇ. ಸೊಂಟ ಎಲ್ಲಿ ಅಂತ ಗೊತ್ತಾಗದಿದ್ದರೆ ಪಕ್ಕಕ್ಕೆ ಬಾಗಿ, ಮೈ ಎಲ್ಲಿ ಮಡಚುತ್ತದೋ ಅದೇ ಸೊಂಟ. ಹಿಪ್ ಅಂದರೆ ಅದರಿಂದ ಸುಮಾರು 20 ಸೆಂ.ಮೀ. ಕೆಳಗೆ, ಅತಿ ಅಗಲವಾದ ಜಾಗ. ಟೇಪು ಹಿಂದೆ ಜಾರಿರುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಹಳೇ ಬಟ್ಟೆ ಟೇಪಾದರೆ ಬಳಸಿ ಬಳಸಿ ಹಿಗ್ಗಿರಬಹುದು. ಒಂದು ಸ್ಕೇಲ್ ಪಕ್ಕ ಇಟ್ಟು ಪರೀಕ್ಷಿಸಿ.

ಪ್ರಶ್ನೆ: ಜೀನ್ಸ್ 32 ಅಂತ ತರಿಸಿದೆ. ಟೇಪು ಹಿಡಿದರೆ ಸೊಂಟದ ಪಟ್ಟಿ 34 ಇಂಚು ಬರುತ್ತಿದೆ. ಹಾಗಿದ್ದೂ ತೊಡೆಯ ಹತ್ತಿರ ಬಿಗಿ. ಇದು ಹೇಗೆ?

ಉತ್ತರ: ಜೀನ್ಸ್ ಮೇಲಿನ ಎರಡು ನಂಬರಿನಲ್ಲಿ ಮೊದಲನೆಯದು ಸೊಂಟ, ಎರಡನೆಯದು ಒಳಗಾಲಿನ ಉದ್ದ, ಎರಡೂ ಇಂಚಿನಲ್ಲಿ. ಆದರೆ ಈಗಿನ ಬಹುಪಾಲು ಜೀನ್ಸ್ ನಿಜವಾದ ಸೊಂಟದಲ್ಲಿ ಕೂರುವುದಿಲ್ಲ, ಅದಕ್ಕಿಂತ ಕೆಳಗೆ ಕೂರುತ್ತವೆ. ಅಲ್ಲಿ ಮೈ ಅಗಲ, ಪಟ್ಟಿಯೂ ಅಗಲ ಬೇಕು. ಹಾಗಾಗಿ 34 ಬಂದಿದ್ದರಲ್ಲಿ ಮೋಸ ಏನಿಲ್ಲ.

ನೀವು ನೋಡಬೇಕಾಗಿದ್ದು ಇನ್ನೆರಡು ಅಳತೆ. ಒಂದು ತೊಡೆ: ಎರಡು ಕಾಲು ಕೂಡುವ ಹೊಲಿಗೆಯ ಕೆಳಗೆ ಅಡ್ಡಲಾಗಿ. ಇನ್ನೊಂದು ಫ್ರಂಟ್ ರೈಸ್: ಅದೇ ಹೊಲಿಗೆಯಿಂದ ಮುಂಭಾಗದಲ್ಲಿ ಪಟ್ಟಿಯ ಮೇಲಂಚಿನವರೆಗೆ. ಕೂತಾಗ ಹಿಂದೆ ಜಾರುತ್ತದೆ, ಹೊಟ್ಟೆಗೆ ಒತ್ತುತ್ತದೆ ಅನ್ನುವ ದೂರುಗಳಿಗೆ ಎಷ್ಟೋ ಸಲ ಸೊಂಟವಲ್ಲ, ಈ ರೈಸ್ ಕಾರಣ. ನಿಮಗೆ ಒಗ್ಗಿದ ಪ್ಯಾಂಟಿನಲ್ಲಿ ಇವೆರಡನ್ನೂ ಅಳೆದಿಟ್ಟುಕೊಳ್ಳಿ.

ಬಟ್ಟೆಯಲ್ಲಿ ಏನಿದೆ ಅಂತಲೂ ಓದಿ. ಎಲಾಸ್ಟೇನ್, ಸ್ಪ್ಯಾಂಡೆಕ್ಸ್ ಎರಡೂ ಒಂದೇ ನೂಲು. ಲೈಕ್ರಾ ಅದರ ಒಂದು ಬ್ರಾಂಡ್ ಹೆಸರು. ನೂರಕ್ಕೆ 2 ಭಾಗ ಇದ್ದರೂ ಜೀನ್ಸ್ ಹಾಕಿ ಓಡಾಡಿದ ಮೇಲೆ ಸ್ವಲ್ಪ ಸಡಿಲಾಗುತ್ತದೆ. ಅಂಥದ್ದು ಮೊದಲ ದಿನ ತುಸು ಬಿಗಿ ಇದ್ದರೆ ಚಿಂತೆಯಿಲ್ಲ. ಪೂರ್ತಿ ಹತ್ತಿಯ ದಪ್ಪ ಡೆನಿಮ್ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ತೊಡೆ ಬಿಗಿ ಇದ್ದರೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಎತ್ತರ, ತೂಕ, ವಯಸ್ಸು ಹಾಕಿದರೆ ಆನ್‌ಲೈನ್ ಅಂಗಡಿಗಳು ‘ನಿಮ್ಮ ಸೈಜ್ ಎಲ್’ ಅಂತ ಸಲಹೆ ಹೇಳುತ್ತವಲ್ಲ, ಅವನ್ನು ನಂಬಬಹುದಾ?

ಉತ್ತರ: ಅರ್ಧ ನಂಬಿ. ನಿಮ್ಮ ಹಾಗೇ ಎತ್ತರ, ತೂಕ ಇರುವವರು ಯಾವ ಸೈಜ್ ಕೊಂಡು ಇಟ್ಟುಕೊಂಡರು, ಯಾವುದನ್ನು ವಾಪಸ್ ಕಳಿಸಿದರು ಅನ್ನುವ ಲೆಕ್ಕ ಇಟ್ಟುಕೊಂಡು ಹೇಳುವಂಥವು ಇವೆ. ತುಂಬಾ ಮಾರಾಟವಾದ ಬಟ್ಟೆಗೆ ಅಂಥ ಸಲಹೆ ಚೆನ್ನಾಗಿರುತ್ತದೆ, ಹೊಸದಾಗಿ ಬಂದ ಬಟ್ಟೆಗೆ ಅಷ್ಟಕ್ಕಷ್ಟೇ. ಒಂದೇ ಎತ್ತರ, ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ ಭುಜ ಅಗಲ, ಇನ್ನೊಬ್ಬರಿಗೆ ಹಿಪ್ ಅಗಲ ಇರಬಹುದು. ಆ ಎರಡು ನಂಬರಿಗೆ ಅದು ಗೊತ್ತಾಗುವುದಿಲ್ಲ. ಅದು ಹೇಳಿದ ಸೈಜ್‌ನ ಅಳತೆಯನ್ನು ನಿಮ್ಮ ಶರ್ಟಿನ ಅಳತೆ ಪಕ್ಕ ಇಟ್ಟು ನೋಡಿ.

ಕೊಂಡವರ ಅನಿಸಿಕೆ ಓದುವಾಗ ನಕ್ಷತ್ರ ಎಣಿಸಬೇಡಿ. ‘ನನ್ನ ಎತ್ತರ ಇಷ್ಟು, ಎಲ್ ಕೊಂಡೆ, ತೋಳು ಗಿಡ್ಡ’ ಅಂತ ಬರೆದ ಒಂದು ಸಾಲು ಹತ್ತು ‘ಸೂಪರ್’ಗಿಂತ ಬೆಲೆಯುಳ್ಳದ್ದು. ಮಾಡೆಲ್‌ನ ಎತ್ತರ, ಆಕೆ ಹಾಕಿದ ಸೈಜ್ ಕೊಟ್ಟಿದ್ದರೆ ಅದೂ ಉಪಯೋಗಕ್ಕೆ ಬರುತ್ತದೆ. 178 ಸೆಂ.ಮೀ. ಎತ್ತರದವಳ ಮಂಡಿ ಮೇಲೆ ನಿಲ್ಲುವ ಡ್ರೆಸ್ 158ರವರಿಗೆ ಮಂಡಿ ಕೆಳಗೆ ಬರುತ್ತದೆ.

ಪ್ರಶ್ನೆ: ನಾನು ಎರಡು ಸೈಜ್‌ಗಳ ಮಧ್ಯೆ ಸಿಕ್ಕಿಕೊಳ್ಳುತ್ತೇನೆ. ಸುಮ್ನೆ ಎರಡನ್ನೂ ತರಿಸಿ ಒಂದನ್ನು ವಾಪಸ್ ಕಳಿಸಿದರೆ ಆಗದಾ?

ಉತ್ತರ: ಮಾಡಬಾರದು ಅಂತ ಕಾನೂನಿಲ್ಲ. ಆದರೆ ಆ ವಾಪಸ್ ಹೋದ ಬಟ್ಟೆಯ ದಾರಿ ನಾನು ನೋಡಿದ್ದೇನೆ. ಪೆಟ್ಟಿಗೆ ಬಿಚ್ಚಬೇಕು, ಕಲೆ ಇದೆಯಾ ವಾಸನೆ ಇದೆಯಾ ನೋಡಬೇಕು, ಇಸ್ತ್ರಿ ಮಾಡಬೇಕು, ಹೊಸ ಕವರ್ ಹಾಕಬೇಕು. ಅಷ್ಟರಲ್ಲಿ ಆ ಡಿಸೈನಿನ ಕಾಲವೇ ಮುಗಿದಿರಬಹುದು. ವಾಪಸ್ ಬಂದದ್ದೆಲ್ಲ ಮತ್ತೆ ಮಾರಾಟಕ್ಕೆ ಹೋಗುವುದಿಲ್ಲ, ಒಂದಷ್ಟು ಕಸಕ್ಕೂ ಹೋಗುತ್ತದೆ. ಒಂದು ಸಲವೂ ಹಾಕದ ಬಟ್ಟೆ! ಹಾಗಾಗಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಹಾಗೆ ಮಾಡಿ.

ಮೊದಲು ಈ ಲೆಕ್ಕ ಹಾಕಿ: ಬಟ್ಟೆಯಲ್ಲಿ ಟೈಲರ್ ಯಾವುದನ್ನು ಸರಿಮಾಡಬಲ್ಲರು, ಯಾವುದನ್ನು ಸರಿಮಾಡಲು ಆಗುವುದಿಲ್ಲ? ಪ್ಯಾಂಟಿನ ಉದ್ದ, ಸೊಂಟ, ಶರ್ಟಿನ ಪಕ್ಕದ ಹೊಲಿಗೆ, ಇವೆಲ್ಲ ಸುಲಭ. ಭುಜ ಬಹಳ ಕಷ್ಟ. ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಜಾಕೆಟ್ ಆದರಂತೂ ಖರ್ಚಿಗೆ ತಕ್ಕ ಕೆಲಸವಲ್ಲ. ಆದ್ದರಿಂದ ಶರ್ಟ್, ಜಾಕೆಟ್‌ಗೆ ಭುಜ ಸರಿಹೋಗುವ ಸೈಜ್ ತೆಗೆದುಕೊಳ್ಳಿ. ಪ್ಯಾಂಟ್‌ಗೆ ಹಿಪ್, ತೊಡೆ ಸರಿಹೋಗುವುದು. ಸೊಂಟ ಜಾಸ್ತಿ ಆದರೆ ಹಿಡಿಸಿಕೊಳ್ಳಬಹುದು. ಹಿಗ್ಗದ ಬಟ್ಟೆಯಾದರೆ ದೊಡ್ಡದು, ಚೆನ್ನಾಗಿ ಹಿಗ್ಗುವುದಾದರೆ ಚಿಕ್ಕದು. ಉದ್ದ ಸಾಲದು ಅಂತ ದೊಡ್ಡ ಸೈಜ್‌ಗೆ ಹೋಗುವವರು ನೆನಪಿಡಿ: ಒಂದು ಸೈಜ್ ಮೇಲೆ ಹೋದರೆ ಸುತ್ತಳತೆ ನಾಲ್ಕೈದು ಸೆಂ.ಮೀ. ಹೆಚ್ಚುತ್ತದೆ, ಉದ್ದ ಮಾತ್ರ ಒಂದೋ ಎರಡೋ.

ಬಂದ ಮೇಲೆ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ. ಕೂತುನೋಡಿ, ಕೈ ಮುಂದೆ ಚಾಚಿ, ಮೇಲೆ ಎತ್ತಿ. ಬಟ್ಟೆ ತಾನೇ ಹೇಳುತ್ತದೆ. ಗುಂಡಿಯ ಎರಡೂ ಬದಿಗೆ ಅಡ್ಡ ಗೆರೆ ಎಳೆದು ಗುಣಾಕಾರದ ಗುರುತಿನ ಹಾಗೆ ಕಂಡರೆ ಅಲ್ಲಿ ಬಿಗಿ. ಬೆನ್ನ ಮೇಲೆ ಉದ್ದುದ್ದ ಮಡಿಕೆ ಬಿದ್ದರೆ ಅಗಲ ಜಾಸ್ತಿ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿದ್ದರೆ, ಡಿಸೈನೇ ಹಾಗಿಲ್ಲದಿದ್ದರೆ, ಭುಜ ದೊಡ್ಡದು. ಟ್ಯಾಗ್ ಮಾತ್ರ ಇದೆಲ್ಲ ಆಗುವವರೆಗೆ ಕೀಳಬೇಡಿ.

ಪ್ರಶ್ನೆ: ಹತ್ತಿ ಟೀಶರ್ಟ್ ಸರಿಯಾಗಿಯೇ ಇತ್ತು. ಎರಡು ಸಲ ಒಗೆದ ಮೇಲೆ ಗಿಡ್ಡ ಆಯಿತು. ಮೊದಲೇ ಗೊತ್ತಾಗುವುದು ಹೇಗೆ?

ಉತ್ತರ: ಹತ್ತಿಯ ಟೀಶರ್ಟ್ ಬಟ್ಟೆ ಹೆಣೆದದ್ದು. ಅದು ನೂರಕ್ಕೆ 5ರಷ್ಟು ಕುಗ್ಗುವುದು ಸಾಮಾನ್ಯ, ಹೆಚ್ಚಾಗಿ ಉದ್ದದಲ್ಲಿ. 70 ಸೆಂ.ಮೀ. ಉದ್ದದ್ದು ಮೂರೂವರೆ ಸೆಂ.ಮೀ. ಕಳೆದುಕೊಳ್ಳುತ್ತದೆ. ‘ಪ್ರೀ-ಶ್ರಂಕ್’ ಅಂತ ಬರೆದಿದ್ದರೆ ಮೊದಲೇ ಕುಗ್ಗಿಸಿದ್ದಾರೆ ಅಂತ ಅರ್ಥ, ಆದರೂ ಸ್ವಲ್ಪ ಉಳಿದಿರುತ್ತದೆ. ಆ ಗುರುತಿಲ್ಲದ ಹತ್ತಿ ಬಟ್ಟೆ ಕೊಳ್ಳುವಾಗ ಉದ್ದದಲ್ಲಿ 3–4 ಸೆಂ.ಮೀ. ಹೆಚ್ಚಿರಲಿ. ತಣ್ಣೀರಿನಲ್ಲಿ ಒಗೆಯಿರಿ. ಡ್ರೈಯರ್‌ನ ಬಿಸಿಗೆ ಹಾಕಿದರೆ ಇನ್ನೂ ಕುಗ್ಗುತ್ತದೆ, ಹರವಿ ಒಣಗಿಸಿ.

ಪ್ರಶ್ನೆ: ಒಂದು ಡ್ರೆಸ್ ಮೇಲೆ ಯುಕೆ 10, ಯುಎಸ್ 6, ಇಯು 38 ಅಂತಿದೆ. ಮೂರು ಸೈಜಾ ಇದು?

ಉತ್ತರ: ಒಂದೇ ಸೈಜ್, ಮೂರು ಹೆಸರು. ಹೆಂಗಸರ ಬಟ್ಟೆಯಲ್ಲಿ ಬ್ರಿಟನ್ ನಂಬರಿನಿಂದ 4 ಕಳೆದರೆ ಅಮೆರಿಕದ್ದು ಸಿಗುತ್ತದೆ. ಯುರೋಪಿನಲ್ಲೂ ಒಂದೇ ಅಲ್ಲ. ಫ್ರಾನ್ಸ್‌ನ 38, ಜರ್ಮನಿಯಲ್ಲಿ 36, ಇಟಲಿಯಲ್ಲಿ 42. ಇದು ಅಂದಾಜಿಗೆ ಮಾತ್ರ. ಕೊನೆಗೆ ಸೆಂ.ಮೀ. ನೋಡಿಯೇ ಕೊಳ್ಳಿ.

ಪ್ರಶ್ನೆ: ಮಗನಿಗೆ 5 ವರ್ಷ. ‘5–6 ವರ್ಷ’ದ ಬಟ್ಟೆ ತರಿಸಿದರೆ ಚಿಕ್ಕದಾಗುತ್ತದೆ.

ಉತ್ತರ: ವಯಸ್ಸು ಬಿಡಿ, ಎತ್ತರ ನೋಡಿ. ಯುರೋಪಿನ ಮಕ್ಕಳ ಬಟ್ಟೆಯಲ್ಲಿ ನಂಬರೇ ಎತ್ತರ: 104, 110, 116, ಹೀಗೆ 6 ಸೆಂ.ಮೀ.ಗೆ ಒಂದು ಸೈಜ್. ಮಗನನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ. 112 ಬಂದರೆ 116 ತೆಗೆದುಕೊಳ್ಳಿ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ಬೆಳೆಯುವ ಮಕ್ಕಳು ಕಾಯುವುದಿಲ್ಲ.

ಪ್ರಶ್ನೆ: ನಾನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಡ್ರೆಸ್ ಮಾರುತ್ತೇನೆ. ಬಟ್ಟೆ ಚೆನ್ನಾಗಿದೆ ಅಂತಾರೆ, ಆದರೆ ‘ಸೈಜ್ ಸರಿಯಿಲ್ಲ’ ಅಂತ ಪೆಟ್ಟಿಗೆಗಳು ವಾಪಸ್ ಬರುತ್ತಲೇ ಇವೆ. ಲಾಭವೆಲ್ಲ ಕೊರಿಯರ್‌ಗೇ ಹೋಗುತ್ತಿದೆ. ಚಾರ್ಟ್ ಹಾಕಿದ್ದೇನೆ, ಇನ್ನೇನು ಮಾಡಲಿ?

ಉತ್ತರ: ನಿಮ್ಮ ಪುಟ ನೋಡಿದೆ. ಚಾರ್ಟ್ ಇದೆ, ನಿಜ. ಆದರೆ ಎಲ್ಲ ಡ್ರೆಸ್‌ಗೂ ಅದೊಂದೇ ಚಾರ್ಟ್. ಹಿಗ್ಗುವ ಹೆಣೆದ ಬಟ್ಟೆಯ ಡ್ರೆಸ್‌ಗೂ, ಸ್ವಲ್ಪವೂ ಹಿಗ್ಗದ ಲಿನನ್ ಡ್ರೆಸ್‌ಗೂ ಅದೇ ನಂಬರ್. ಅದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಅಂತಲೂ ಬರೆದಿಲ್ಲ. ಕೊಳ್ಳುವವರು ಏನು ಅಂದುಕೊಳ್ಳಬೇಕು ಹೇಳಿ?

ಪ್ರತಿ ಡಿಸೈನಿಗೂ ಬೇರೆ ಚಾರ್ಟ್ ಬೇಕು. ಅದರಲ್ಲಿ ಎರಡು ಸಾಲು: ಈ ಸೈಜ್ ಇಷ್ಟು ಮೈಗೆ, ಬಟ್ಟೆಯ ಅಳತೆ ಇಷ್ಟು. ಹೊಲಿದುಕೊಟ್ಟವರ ಕಾಗದದಲ್ಲಿದ್ದ ನಂಬರ್ ಹಾಕಬೇಡಿ. ಬಂದ ಲಾಟಿನಿಂದ ಪ್ರತಿ ಸೈಜ್‌ನಲ್ಲಿ ಎರಡು ಮೂರು ಪೀಸ್ ತೆಗೆದು ನೀವೇ ಅಳೆಯಿರಿ. ಹೊಸ ಲಾಟು ಬಂದರೆ ಮತ್ತೆ ಅಳೆಯಿರಿ. ಬಟ್ಟೆ ಹಿಗ್ಗುತ್ತದೋ ಇಲ್ಲವೋ ಅಂತ ಒಂದು ಮಾತು. ಫೋಟೋದಲ್ಲಿರುವವರ ಎತ್ತರ, ಅವರು ಹಾಕಿದ ಸೈಜ್ ಒಂದು ಮಾತು. ಆಗುವುದಾದರೆ ಒಂದೇ ಡ್ರೆಸ್ಸನ್ನು ಎರಡು ಮೈಕಟ್ಟಿನವರಿಗೆ ಹಾಕಿಸಿ ಫೋಟೋ ತೆಗೆಯಿರಿ. ಫೋಟೋಗೋಸ್ಕರ ಹಿಂದೆ ಪಿನ್ ಹಾಕಿ ಬಿಗಿ ಮಾಡುವುದನ್ನು ಬಿಟ್ಟುಬಿಡಿ. ಆ ಪಿನ್ ಹಾಕಿದ ಡ್ರೆಸ್ ಯಾರ ಮನೆಗೂ ಹೋಗುವುದಿಲ್ಲ. ಯಾರಾದರೂ ಒಂದೇ ಡ್ರೆಸ್ಸನ್ನು ಎರಡು ಸೈಜ್‌ನಲ್ಲಿ ಆರ್ಡರ್ ಮಾಡಿದರೆ ಕಳಿಸುವ ಮೊದಲು ಒಂದು ಮೆಸೇಜ್ ಹಾಕಿ, ಅಳತೆ ಕೇಳಿ.

ಇನ್ನೊಂದು ಮುಖ್ಯ ವಿಷಯ, ವಾಪಸ್ ಕಳಿಸುವವರಿಗೆ ನೀವು ಕೊಡುವ ಕಾರಣಗಳ ಪಟ್ಟಿ. ‘ಸೈಜ್ ಸರಿಯಿಲ್ಲ’ ಅಂದರೆ ನಿಮಗೆ ಏನೂ ತಿಳಿಯುವುದಿಲ್ಲ. ಎದೆ ಬಿಗಿ, ಹಿಪ್ ಬಿಗಿ, ಭುಜ ದೊಡ್ಡದು, ಉದ್ದ ಜಾಸ್ತಿ ಅಂತ ಬಿಡಿಸಿ ಕೇಳಿ. ನಾನು ಚಾರ್ಟ್ ಮಾಡಿಕೊಟ್ಟ ಒಬ್ಬರಿಗೆ ಒಂದು ಹಸಿರು ಡ್ರೆಸ್ ವಾಪಸ್ ಬರುತ್ತಲೇ ಇತ್ತು. ಹೀಗೆ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು, ಬಂದದ್ದೆಲ್ಲ ಎಂ ಮತ್ತು ಎಲ್, ದೂರೆಲ್ಲ ಹಿಪ್. ಎಂ ಡ್ರೆಸ್ ಹಾಸಿ ಅಳೆದೆ. 98ರ ಹಿಪ್‌ಗೆ ಅಂತ ಚಾರ್ಟ್ ಹೇಳುತ್ತಿತ್ತು, ಬಟ್ಟೆ 100 ಇತ್ತು, ಹಿಗ್ಗದ ಬಟ್ಟೆ ಬೇರೆ. ಕೂತರೆ ಹೊಲಿಗೆ ಎಳೆಯುವುದು ಖಂಡಿತ. ಚಾರ್ಟ್‌ನಲ್ಲಿ ಒಂದು ಸಾಲು ತಿದ್ದಿ, ‘ಹಿಪ್ 94ಕ್ಕಿಂತ ಹೆಚ್ಚಿದ್ದರೆ ಒಂದು ಸೈಜ್ ದೊಡ್ಡದು ಕೊಳ್ಳಿ’ ಅಂತ ಬರೆದೆವು. ಮುಂದಿನ ಲಾಟಿಗೆ ಪ್ಯಾಟರ್ನನ್ನೇ ಸರಿಮಾಡಿಸಿದೆವು.

ನಿಮ್ಮದೂ ಹೀಗೇ ಎಲ್ಲೋ ಒಂದೆರಡು ಅಳತೆಯಲ್ಲಿ ಸಿಕ್ಕಿಕೊಂಡಿರಬೇಕು. ವಾಪಸ್ ಬಂದ ಪೆಟ್ಟಿಗೆಗಳನ್ನು ಈ ವಾರ ಬಿಚ್ಚಿ. ಒಂದೊಂದನ್ನೂ ಟೇಬಲ್ ಮೇಲೆ ಹಾಸಿ ಎದೆ, ಸೊಂಟ, ಹಿಪ್, ಭುಜ ಅಳೆದು, ಪಕ್ಕದಲ್ಲಿ ಡಿಸೈನು, ಸೈಜ್ ಬರೆದು ನನಗೆ ಕಳಿಸಿ. ಹೊಸ ಚಾರ್ಟ್ ಇಬ್ಬರೂ ಸೇರಿ ಮಾಡೋಣ.